ಇಲಿ ಬಿದ್ದ ವರ್ಷದ ಕೆಂಡ

ಇವತ್ತು ಬೆಳಗ್ಗೆ ಅಡುಗೆಮನೆಯಿಂದ ಕಡ್ಡಿಪೆಟ್ಟಿಗೆಯ ವಾಸನೆ ಬಂತು. ನನಗೆ ಕಣ್ಣು ಮಂಜಾಗಿದೆ, ಕಿವಿಯೂ ಅಷ್ಟಕ್ಕಷ್ಟೆ, ಆದರೆ ಮೂಗು ಇನ್ನೂ ಮೋಸ ಮಾಡಿಲ್ಲ. ಕಡ್ಡಿ ಗೀರಿದ ಮೇಲೆ ಒಂದು ಗಳಿಗೆ ನಿಂತು ಹೋಗುವ ಆ ಗಂಧಕದ ಘಾಟನ್ನು ನಾನು ಯಾವ ಮೂಲೆಯಲ್ಲಿ ಕೂತಿದ್ದರೂ ಹಿಡಿಯಬಲ್ಲೆ.

"ಶಾಂತಾ, ಕೆಂಡ ಇತ್ತೇನವ್ವ?" ಎಂದು ಕೂಗಿ ಕೇಳಿದೆ.

"ಇತ್ತು ಅತ್ತೆ. ಬೂದಿ ಸರಿಸಿದ ಕೂಡ್ಲೇ ಹತ್ಕಂತು," ಎಂದಳು ಸೊಸೆ, ಒಳಗಿನಿಂದಲೇ.

ನಮ್ಮ ಮನೆಯ ಒಲೆಗೆ ಕಡ್ಡಿ ಗೀರುವ ಹಾಗಿಲ್ಲ. ಬೀಡಿಗೆ ಗೀರಬಹುದು, ಲಾಟೀನಿಗೆ ಗೀರಬಹುದು, ಒಲೆಗೆ ಮಾತ್ರ ಹಿಂದಿನ ದಿನ ಮುಚ್ಚಿಟ್ಟ ಕೆಂಡದಿಂದಲೇ ಉರಿ ಎಬ್ಬಿಸಬೇಕು. ಈ ಕಟ್ಟಳೆಯನ್ನು ಇಷ್ಟು ಬಿಗಿಯಾಗಿ ನಡೆಸಿಕೊಂಡು ಬಂದವಳು ನಾನೇ. ಶಾಂತ ಹೊಳಲ್ಕೆರೆ ಕಡೆಯ ಹುಡುಗಿ, ಈ ಮನೆಗೆ ಬಂದು ಎರಡು ವರ್ಷವಾಗಿದೆ. ಹೋದ ವರ್ಷ ಒಂದು ಸಲ ಕೆಂಡ ಆರಿದ್ದಕ್ಕೆ ನಾನು ಆಡಿದ ಮಾತಿಗೆ ಅವಳು ಎರಡು ಹೊತ್ತು ಊಟ ಬಿಟ್ಟಿದ್ದಳು. ಇವತ್ತೂ ಎದ್ದು ಹೋಗಿ ಗದರಬೇಕಾಗಿತ್ತು. ಏಕೋ ಕಾಲು ಏಳಲಿಲ್ಲ. ಆ ಘಾಟು ನನ್ನನ್ನು ಇಲಿ ಬಿದ್ದ ವರ್ಷದ ಗುಡಿಸಲಿಗೆ ಎಳೆದುಕೊಂಡು ಹೋಗಿಬಿಟ್ಟಿತ್ತು.

ಆಗ ನನಗೆ ಹದಿನೇಳೋ ಹದಿನೆಂಟೋ. ಹೊಸದುರ್ಗದ ಪೇಟೆಯಲ್ಲಿ ಅಪ್ಪನದು ಕಿರಾಣಿ ಅಂಗಡಿ. ಐಗಳ ಮಠದಲ್ಲಿ ಕೂತು ನಾಲ್ಕಕ್ಷರ ಕಲಿತಿದ್ದೆ, ಅದರ ಜಂಬ ಬೆಟ್ಟದಷ್ಟಿತ್ತು. ಮತ್ತೋಡಿನಿಂದ ಎರಡು ಹರಿದಾರಿ ಆಚೆಯ ಈ ಹಳ್ಳಿಗೆ ನನ್ನನ್ನು ಕೊಟ್ಟಾಗ ಅಪ್ಪ ಟ್ರಂಕಿನಲ್ಲಿ ಸೀರೆಗಳ ಸಂದಿಗೆ ಆರು ಕಡ್ಡಿಪೆಟ್ಟಿಗೆ ಇಟ್ಟು ಕಳಿಸಿದ್ದರು. ಹಳ್ಳಿಯಲ್ಲಿ ಮಗಳಿಗೆ ಬೆಂಕಿಗೆ ತೊಂದರೆಯಾಗಬಾರದು ಎಂದು ಅವರ ಅಕ್ಕರೆ.

ಬಂದ ಮಾರನೆಯ ಬೆಳಗ್ಗೆಯೇ ಆ ಅಕ್ಕರೆಗೆ ಅವಮಾನವಾಯಿತು. ಒಲೆ ಹಚ್ಚಲು ನಾನು ಠೀವಿಯಿಂದ ಕಡ್ಡಿ ಗೀರಿದೆ. ಹಿಂದಿನಿಂದ ಒಂದು ಕೈ ಬಂದು ಆ ಕಡ್ಡಿಯನ್ನು ಹೊಸಕಿ ಹಾಕಿತು. ಅದು ನನ್ನ ಭಾವನವರ ಹೆಂಡತಿ ಹಾಲಕ್ಕನ ಕೈ. ನನಗಿಂತ ಹದಿನೈದು ವರ್ಷಕ್ಕೆ ದೊಡ್ಡವಳು, ಮನೆಯಲ್ಲಿ ಅತ್ತೆ ಇಲ್ಲದ ಮೇಲೆ ಅವಳೇ ಅತ್ತೆ.

"ಕಡ್ಡಿ ಬೆಂಕಿ ಬೀಡಿಗೆ ಕಣೇ ರುದ್ರಿ, ಒಲೆಗಲ್ಲ. ಬಾ ಇಲ್ಲಿ, ತೋರಿಸ್ತೀನಿ ಕುಂತ್ಕ," ಎಂದು ಪಕ್ಕದಲ್ಲಿ ಕೂರಿಸಿಕೊಂಡಳು. ಒಲೆಗುಂಡಿಯ ಬೂದಿಯನ್ನು ಬೆರಳ ತುದಿಯಿಂದ ಸರಿಸಿದಳು. ಅಡಿಯಲ್ಲಿ ಜಾಲಿಕೊರಡಿನ ಕೆಂಡ ಕಣ್ಣು ಬಿಟ್ಟಿತು. ನಾಲ್ಕು ಒಣಗಿದ ತೊಗರಿಕಡ್ಡಿ ಇಟ್ಟು, ಊದುಗೊಳವೆಯಲ್ಲಿ ಎರಡೇ ಸಲ ಊದಿದಳು. ಉರಿ ಎದ್ದಿತು. "ಇದು ಅತ್ತೆ ಬೆಂಕಿ. ನಾನು ಎಂಟು ವರ್ಷದೋಳು ಈ ಮನೆಗೆ ಬಂದಾಗ ಇದುರ ಮುಂದೇನೇ ಕೂರಿಸಿ ನನ್ನ ತಲೆ ಬಾಚಿದ್ರು. ಅವತ್ತಿಂದ ಆರಿಲ್ಲ."

ಬೆಂಕಿ ಎಂದರೆ ಬೆಂಕಿ, ಅದರಲ್ಲಿ ಅತ್ತೆಯದು ಯಾವುದು ಮಾವನದು ಯಾವುದು ಎಂದು ನಾನು ಒಳಗೊಳಗೇ ನಕ್ಕೆ. ಆದರೆ ಆ ಮನೆಯಲ್ಲಿ ಒಲೆ ಮಾಡದ ಕೆಲಸವಿರಲಿಲ್ಲ. ಮೇಲಿನ ಅಟ್ಟದಲ್ಲಿ ಬಿತ್ತನೆಯ ಜೋಳ, ಅವರೆ, ಸೋರೆಬೀಜ ಹೊಗೆ ಕುಡಿದು ಹುಳ ಬೀಳದೆ ಉಳಿಯುತ್ತಿದ್ದವು. ಉಪ್ಪಿನ ಮಡಕೆ ಅದರ ಮಗ್ಗುಲಲ್ಲೇ ಬೆಚ್ಚಗಿರುತ್ತಿತ್ತು. ಬಾಣಂತಿಗೆ ಶಾಖ ಕೊಡಲು ಅಗ್ಗಿಷ್ಟಿಕೆಗೆ ಕೆಂಡ ತುಂಬುವುದೂ ಅಲ್ಲಿಂದಲೇ. ಕೆಮ್ಮಿದವರ ಹಣೆಗೆ ಅದರ ಬೂದಿ, ಊರಿಗೆ ಹೊರಟವರು ಅದರ ಮುಂದೆ ಒಂದು ಗಳಿಗೆ ನಿಂತೇ ಹೊರಡಬೇಕು. ಸಂಜೆ ಮುದ್ದೆಯ ಹಿಟ್ಟು ತಿರುವಿ ಇಳಿಸಿದ ಮೇಲೆ ಹಾಲಕ್ಕ ಕೆಂಡದ ಮಧ್ಯೆ ಒಂದು ಸಗಣಿ ಕುಳ್ಳು ಹೂತು, ಮೇಲೆ ಬೂದಿ ಎಳೆದು, ಅಂಗೈಯಿಂದ ತಟ್ಟಿ ಮುಚ್ಚುತ್ತಿದ್ದಳು. ಕೂಸನ್ನು ಮಲಗಿಸಿದ ಹಾಗೆ ತಟ್ಟುತ್ತಿದ್ದಳು. ನಾನು ಟ್ರಂಕಿನ ಕಡ್ಡಿಪೆಟ್ಟಿಗೆಗಳನ್ನು ಬಿಸಾಡಲಿಲ್ಲ. ಅವು ನನ್ನ ತವರಿನ ಮರ್ಯಾದೆ.

ಆ ವರ್ಷ ದೀಪಾವಳಿ ಕಳೆದು ವಾರವಾಗಿರಲಿಲ್ಲ, ಗೌಡರ ಮನೆಯ ಮಾಳಿಗೆಯ ಜಂತೆಯಿಂದ ಇಲಿ ಸತ್ತು ಬಿತ್ತು. ಮಾರನೆಯ ದಿನ ಗುಡಿಯ ಹಿಂದೆ ನಾಲ್ಕು. ಹೊಸದುರ್ಗದ ಕಡೆ ಗಡ್ಡೆಜ್ವರಕ್ಕೆ, ಅದೇ ಪ್ಲೇಗಿಗೆ, ಜನ ಸಾಯುತ್ತಿದ್ದ ಸುದ್ದಿ ಆಗಲೇ ಬಂದಿತ್ತು. ಪಟೇಲರು ತಮಟೆ ಹೊಡೆಸಿದರು. ಎರಡು ದಿನದಲ್ಲಿ ಊರು ಖಾಲಿ ಮಾಡಿ ಕಲ್ಲುದಿಬ್ಬದ ಮಗ್ಗುಲ ಬೀಳು ನೆಲದಲ್ಲಿ ಗುಡಿಸಲು ಹಾಕಿಕೊಳ್ಳಬೇಕು, ಒಬ್ಬರ ಗುಡಿಸಲಿಗೆ ಇನ್ನೊಬ್ಬರು ಹೋಗಬಾರದು, ಊರೊಳಕ್ಕೆ ಯಾರೂ ಕಾಲಿಡಬಾರದು, ಇಟ್ಟವರು ಹೊರಗೇ ಇರಬೇಕು ಎಂದು ಸಾರಿದರು. ಊರಬಾಗಿಲಿಗೆ ಜಾಲಿಮುಳ್ಳು ಎಳೆದು ತಳವಾರನನ್ನು ಕೂರಿಸಿದರು.

ಎಲ್ಲರೂ ರಾಗಿಮೂಟೆ, ಬೀಸುಕಲ್ಲು, ಕೋಳಿ, ಮಕ್ಕಳು ಎಂದು ಒದ್ದಾಡುತ್ತಿದ್ದರೆ ಹಾಲಕ್ಕ ಒಲೆಯ ಮುಂದೆ ಕೂತು ಕೆಂಡವನ್ನು ಎರಡು ಪಾಲು ಮಾಡುತ್ತಿದ್ದಳು. ಒಂದು ಪಾಲು ಬೂದಿಯ ಜೊತೆ ಮಡಕೆಗೆ. ಇನ್ನೊಂದು ಪಾಲಿಗೆ ದೊಡ್ಡದೊಂದು ಜಾಲಿಬುಡ ಹೂತು, ಮೇಲೆ ಮೊರಗಟ್ಟಲೆ ಹೊಟ್ಟು ಸುರಿದು ಬೂದಿ ಮುಚ್ಚಿದಳು.

"ಯಾರಿಗಕ್ಕ ಅದು? ಮನೆಯಾಗೆ ಯಾರದಾರೆ?" ಎಂದೆ.

"ಎಂಟು ದಿನನಾದ್ರೂ ಇರ್ಲಿ ಕಣೇ. ಬೀಗ ಹಾಕಿದ ದಿನಾನೇ ಮನೆ ತಣ್ಣಗಾದ್ರೆ ನನಗೆ ತಡಿಯಾಕಾಗಲ್ಲ," ಎಂದಳು.

ಗುಡಿಸಲ ಬದುಕು ಮೊದಲ ನಾಲ್ಕು ದಿನ ನನಗೆ ಹಬ್ಬದ ಹಾಗಿತ್ತು ಎಂದರೆ ನಾಚಿಕೆಯಾಗುತ್ತದೆ. ತೆಂಗಿನ ಗರಿಯ ಮಾಡು, ಜೋಳದ ದಂಟಿನ ಗೋಡೆ, ಬೆಳಗ್ಗೆ ಕಣ್ಣು ಬಿಟ್ಟರೆ ಇಬ್ಬನಿಯಲ್ಲಿ ನೆಂದ ರಾಗಿಹೊಲ. ಹಾಲಕ್ಕ ಮೂರು ಕಲ್ಲು ಹೂಡಿ ಮಡಕೆಯ ಕೆಂಡದಿಂದ ಒಲೆ ಹಚ್ಚಿದ್ದಳು. ಅಡುಗೆ ಆದಮೇಲೆ ಕೆಂಡವನ್ನು ಮತ್ತೆ ಮಡಕೆಗೆ ತುಂಬಿ ಮಾಡಿನ ಕೆಳಗೆ ಇಡುವಳು. ಐದನೆಯ ದಿನ ಅಪ್ಪನ ಕಾಗದ ಬಂತು. ತಳವಾರನು ಅದನ್ನು ಕೋಲಿನ ತುದಿಗೆ ಸಿಕ್ಕಿಸಿ ದೂರದಿಂದಲೇ ಕೊಟ್ಟ. ಹೊಸದುರ್ಗದಲ್ಲೂ ಜನ ಪೇಟೆ ಬಿಟ್ಟಿದ್ದಾರೆ, ಅವ್ವನಿಗೆ ನಿನ್ನದೇ ಚಿಂತೆ, ಹೇಗಾದರೂ ಮಾಡಿ ಬಂದುಬಿಡು ಎಂದು ಬರೆದಿದ್ದರು. ನಮ್ಮ ಯಜಮಾನರು ಈಗ ದಾರಿ ಬಿಡುವುದಿಲ್ಲ, ಆಗುವುದಿಲ್ಲ ಎಂದರು. ನನಗೆ ಎಲ್ಲರ ಮೇಲೂ ಕೋಪ ಬಂತು. ಆ ಕೋಪವನ್ನು ಹಾಲಕ್ಕನ ಮೇಲೆ ಇಳಿಸುವುದು ಸುಲಭವಾಗಿತ್ತು, ಏಕೆಂದರೆ ಅವಳು ತಿರುಗಿ ಅನ್ನುತ್ತಿರಲಿಲ್ಲ.

ಆರನೆಯ ದಿನ ಗಂಡಸರ ಜೊತೆ ಹಾಲಕ್ಕನೂ ರಾಗಿ ಕೊಯ್ಯಲು ಹೋದಳು. ಹೊರಡುವಾಗ ಆಕಾಶ ನೋಡಿ, "ಮೋಡ ಆಗೈತೆ ರುದ್ರಿ. ಮಡಕೆ ಮ್ಯಾಲೆ ಹೆಂಚು ಮುಚ್ಚಿ ಆ ಒಳಗಿನ ಮೂಲೆಗೆ ಇಡೇ, ಮರೀಬ್ಯಾಡ," ಎಂದಳು. ಹ್ಞೂಂ ಎಂದೆ. ಅಪ್ಪನಿಗೆ ಕಾಗದ ಬರೆಯಲು ಕೂತೆ.

ಮಳೆ ಬಂದಾಗ ನಾನು ಕಾಗದದ ಎರಡನೆಯ ಮಗ್ಗುಲಲ್ಲಿದ್ದೆ. ಅಕಾಲದ ಮಳೆ, ದಪ್ಪ ದಪ್ಪ ಹನಿ. ಮಾಡು ಸೋರುವ ಸದ್ದು ಕೇಳಿತು. ಮಡಕೆಯೂ ನೆನಪಾಯಿತು. ಇದನ್ನು ನಾನು ಮುಚ್ಚಿಡುವುದಿಲ್ಲ. ನೆನಪಾಯಿತು, ಎದ್ದೇಳಲಿಲ್ಲ. ಈ ಸಾಲು ಮುಗಿಯಲಿ ಎಂದುಕೊಂಡೆ. ಆಮೇಲೆ ಇನ್ನೊಂದು ಸಾಲು. ಎದ್ದು ಹೋಗಿ ನೋಡುವಾಗ ಮಡಕೆಯಲ್ಲಿ ಬೂದಿ ಕೆಸರಾಗಿ, ಮೇಲೆ ನೀರು ನಿಂತು, ಕರಿ ಇದ್ದಿಲ ಚೂರು ತೇಲುತ್ತಿದ್ದವು.

ಓಡಿಹೋಗಿ ಟ್ರಂಕು ತೆಗೆದು ಕಡ್ಡಿಪೆಟ್ಟಿಗೆ ಹುಡುಕಿದೆ. ಕೆಸರು ಚೆಲ್ಲಿ, ಬೇರೆ ಬೂದಿ ಹಾಕಿ, ಒಣಕುಳ್ಳಿಗೆ ಕಡ್ಡಿ ಗೀರಿ ಹೂತರೆ ಆಗಿಹೋಗುತ್ತಿತ್ತು. ಯಾರಿಗೆ ಗೊತ್ತಾಗುತ್ತದೆ? ಬೆಂಕಿಗೆ ಹೆಸರು ಬರೆದಿರುತ್ತದೆಯೇ? ಒಂದು ಕಡ್ಡಿ ಕೈಗೆ ತೆಗೆದುಕೊಂಡೂ ಆಗಿತ್ತು.

ಅಷ್ಟರಲ್ಲಿ ಮಳೆಗೆ ನೆಂದು ತೊಪ್ಪೆಯಾದ ಹಾಲಕ್ಕ ಹೊಲದ ಬದುವಿನ ಮೇಲಿನಿಂದಲೇ ಕೂಗಿದಳು, "ಏನೇ ರುದ್ರಿ, ನಿಮ್ಮಪ್ಪುಂಗೆ ಪುರಾಣ ಬರ್ದು ಮುಗೀತೇನೇ? ಹಿಟ್ಟಿಗೆ ಎಸರಿಟ್ಟಿದ್ಯಾ ಇಲ್ವಾ?"

ಅದು ತಮಾಷೆಯ ಮಾತು. ಅವಳು ದಿನವೂ ಹಾಗೇ ಛೇಡಿಸುತ್ತಿದ್ದಳು. ಆದರೆ ಅವತ್ತು ಪಕ್ಕದ ಗುಡಿಸಲವರು ಕೇಳಿಸಿಕೊಂಡು ನಕ್ಕರು. ನನಗೆ ಉರಿದುಹೋಯಿತು. ಕಡ್ಡಿಯನ್ನು ಪೆಟ್ಟಿಗೆಗೆ ಹಾಕಿ, ಪೆಟ್ಟಿಗೆಯನ್ನು ಸೊಂಟದ ಸಂಚಿಗೆ ತುರುಕಿ, ಸೊಂಟದ ಮೇಲೆ ಕೈಯಿಟ್ಟು ನಿಂತೆ. "ನಿನ್ನ ಬೆಂಕಿ ಆರೋಗೈತೆ ನೋಡಕ್ಕ. ಬೇಕಾದ್ರೆ ಹೇಳು, ಕಡ್ಡಿ ಗೀರ್ತೀನಿ," ಎಂದೆ.

ನಿಜ ಹೇಳಿದೆ ಎಂದು ಆ ಹೊತ್ತು ನನಗೆ ಹೆಮ್ಮೆಯೂ ಆಯಿತು. ಸುಳ್ಳು ಹೇಳಲು ಬರುವಂಥವಳಲ್ಲ ನಾನು, ಪೇಟೆಯಲ್ಲಿ ಓದಿದವಳು! ಆ ನಿಜವನ್ನು ನಾನು ಕಲ್ಲು ಎಸೆದ ಹಾಗೆ ಎಸೆದಿದ್ದೆ ಎಂದು ತಿಳಿಯಲು ಬಹಳ ಕಾಲ ಬೇಕಾಗಲಿಲ್ಲ.

ಹಾಲಕ್ಕನ ಮುಖದ ನಗು ಇಳಿಯಿತು. ಹತ್ತಿರ ಬಂದು ಮಡಕೆಯೊಳಗೆ ಕೈಯಿಟ್ಟಳು. "ಪೂರಾ ಆರೈತಾ? ತಳದಾಗೆ ಕೆದಕಿ ನೋಡಿದ್ಯಾ?"

"ನೋಡ್ದೆ. ಬರೀ ನೀರು."

ಬೈಯಲಿಲ್ಲ. ಹೆಂಚು ಮುಚ್ಚಿದ್ದೆಯಾ ಎಂದೂ ಕೇಳಲಿಲ್ಲ. ಸೆರಗು ಹಿಂಡಿಕೊಂಡು, ಇನ್ನೊಂದು ಒಣಮಡಕೆ ತೆಗೆದುಕೊಂಡು ಊರ ಕಡೆ ತಿರುಗಿದಳು.

"ಎಲ್ಲಿಗಕ್ಕ?"

"ಮನೇಲಿ ಇನ್ನೂ ಇರ್ತೈತೆ. ಕಣದ ಹಿಂದ್ಲಿಂದ ಹೋಗಿ ತಂದ್ಬಿಡ್ತೀನಿ. ನಿಮ್ಮ ಬಾವಂಗೆ ಹೇಳಬ್ಯಾಡ."

ಬೇಡ ಅಕ್ಕ ಎನ್ನಬಹುದಾಗಿತ್ತು. ಓಡಿಹೋಗಿ ಕೈ ಹಿಡಿಯಬಹುದಾಗಿತ್ತು. ಹೊಲದಲ್ಲಿದ್ದ ಭಾವನವರನ್ನು ಕೂಗಬಹುದಾಗಿತ್ತು. ಅವಳು ಬೈದಿದ್ದರೆ ಬಹುಶಃ ಕೂಗುತ್ತಿದ್ದೆನೋ ಏನೋ. ಬೈಯದೆ ಹೋದದ್ದರಿಂದ ನನಗೆ ಇನ್ನೂ ಮುನಿಸು. ಹೋದರೆ ಹೋಗಲಿ ಎಂದು ನಿಂತು ನೋಡಿದೆ.

ಹೊತ್ತು ಇಳಿಯುವ ಮುಂಚೆ ಬಂದಳು. ಮಳೆ ನಿಂತು ಎಳೆಬಿಸಿಲು ಬಿದ್ದಿತ್ತು. ಮಡಕೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡಿದ್ದಳು. ಅಷ್ಟು ಸಂತೋಷದ ಮುಖವನ್ನು ನಾನು ಅವಳಲ್ಲಿ ಕಂಡೇ ಇರಲಿಲ್ಲ. "ಮುಚ್ಚಿದಂಗೇ ಐತೆ ಕಣೇ ರುದ್ರಿ, ಕೆಂಪಗೆ! ಒಂಚೂರು ಕಂದಿಲ್ಲ," ಎಂದು ನನ್ನ ಮುಂದೆ ಬೂದಿ ಸರಿಸಿ ತೋರಿಸಿದಳು. ಆಮೇಲೆ ಒಲೆ ಹೂಡುತ್ತಾ ಯಾವುದೋ ಸಣ್ಣ ಸುದ್ದಿ ಹೇಳುವ ಹಾಗೆ ಹೇಳಿದಳು, "ಒಲೆ ಮುಂದೇನೇ ಒಂದು ಇಲಿ ಸತ್ತು ಬಿದ್ದಿತ್ತು. ಅದನ್ನ ಹಂಗೇ ಬಿಟ್ಟು ಹೆಂಗೆ ಬರ್ಲಿ? ಮೊರಕ್ಕೆ ಬಳಿದು ಹಿತ್ಲಿಗೆ ಹಾಕಿ, ಒಲೆ ಸಾರ್ಸಿ, ಎರಡೆಳೆ ರಂಗೋಲಿ ಬಿಟ್ಟು ಬಂದೆ."

ಅದಾದ ನಾಲ್ಕನೆಯ ದಿನ ಅವಳಿಗೆ ಚಳಿ ಬಂತು. ಮಧ್ಯಾಹ್ನದ ಹೊತ್ತಿಗೆ ಕಂಕುಳಲ್ಲಿ ಗಡ್ಡೆ ಕಂಡಿತು. ಪಟೇಲರು ಬಂದು ದೂರ ನಿಂತು, ದಿಬ್ಬದ ಆಚೆಗೆ ಬೇರೆ ಗುಡಿಸಲು ಹಾಕಿಸಿದರು. ಅವಳ ಹತ್ತಿರ ಇದ್ದವರು ಭಾವನವರೊಬ್ಬರೇ. ನಾನು ಗಂಜಿ ಕಾಯಿಸಿ, ಹತ್ತು ಮಾರು ದೂರದ ಕಲ್ಲಿನ ಮೇಲಿಟ್ಟು ಬರಬೇಕು. ಗಂಜಿ ಕಾಯುತ್ತಿದ್ದುದು ಅವಳು ತಂದ ಬೆಂಕಿಯ ಮೇಲೇ.

ಹಾಗೆ ಗಂಜಿ ಇಟ್ಟ ಎರಡನೆಯ ದಿನ ಕಲ್ಲಿನ ಹತ್ತಿರ ನಿಂತಾಗ ದಂಟಿನ ಗೋಡೆಯ ಆಚೆಯಿಂದ ಅವಳ ದನಿ ಬಂತು. "ರುದ್ರಿ ಏನೇ?"

"ಹ್ಞೂಂ ಅಕ್ಕ."

"ಒಲೆ?"

"ಐತಕ್ಕ. ಚೆನ್ನಾಗೈತೆ."

ನಾನು ಹೋಗಲೆಂದು ತಿರುಗಿದಾಗ ಅಂದಳು, "ಅವತ್ತು ಮಳೆ ಜೋರಾಗೇ ಇತ್ತು ಬಿಡು. ಹೆಂಚು ಮುಚ್ಚಿದ್ರೂ ನಿಲ್ತಿರ್ಲಿಲ್ಲ."

ನಾನು ಮುಚ್ಚಿರಲಿಲ್ಲ ಎಂದು ಅವಳಿಗೆ ಗೊತ್ತಿತ್ತು. ಮಡಕೆಯ ಪಕ್ಕದಲ್ಲೇ ಹೆಂಚು ಹಾಗೇ ಬಿದ್ದಿದ್ದನ್ನು ಅವಳು ನೋಡಿದ್ದಳು. ಸಾಯುವ ಹೊತ್ತಿನಲ್ಲೂ ನನಗೊಂದು ನೆಪ ಮಾಡಿಕೊಟ್ಟು, ನನ್ನ ಪಾಲಿನ ಸುಳ್ಳನ್ನು ಅವಳೇ ಆಡಿಬಿಟ್ಟಳು. ಮುಚ್ಚಿರಲಿಲ್ಲ ಅಕ್ಕ, ತಪ್ಪಾಯಿತು ಎನ್ನಬೇಕಾಗಿತ್ತು. ನಿಜ ಹೇಳುವವಳೆಂದು ಬೀಗಿದ್ದ ನನಗೆ, ನಿಜ ಬೇಕಾಗಿದ್ದ ಆ ಹೊತ್ತಿನಲ್ಲಿ ಬಾಯಿ ಏಳಲಿಲ್ಲ. ಮಾರನೆಯ ದಿನ ನಡುಹಗಲಲ್ಲಿ ಭಾವನವರು ಹೊರಗೆ ಬಂದು, ಕಲ್ಲಿನ ಮೇಲೆ ಆರಿಹೋಗಿದ್ದ ಗಂಜಿಯ ಪಕ್ಕ ಕೂತರು. ನಮಗೆ ತಿಳಿಯಿತು.

ಆ ಬೀಳಿನಲ್ಲಿ ಊರೊಳಕ್ಕೆ ಹೋಗದವರೂ ಏಳೆಂಟು ಜನ ಸತ್ತರು. ಅವಳಿಗೂ ಹೇಗಿದ್ದರೂ ಬರುತ್ತಿತ್ತು, ಬರೆದದ್ದು ತಪ್ಪುತ್ತದೆಯೇ ಎಂದು ಎಲ್ಲರೂ ಸಮಾಧಾನ ಹೇಳಿದರು. ನನ್ನ ಸೊಂಟದ ಸಂಚಿಯಲ್ಲಿ ಇದ್ದ ಕಡ್ಡಿಪೆಟ್ಟಿಗೆಯ ವಿಷಯ ಅವರಿಗೇನು ಗೊತ್ತು? ಆ ಸಮಾಧಾನವನ್ನು ನಾನು ಯಾವತ್ತೂ ಒಪ್ಪಿಕೊಂಡಿಲ್ಲ.

ಆಮೇಲಿನ ಮೂರು ತಿಂಗಳು ರಾಗಿ ಬಡಿದದ್ದು, ಹುರುಳಿ ಕಿತ್ತದ್ದು, ಒಣಗಾಳಿ ಬೀಸಿ ತುಟಿ ಒಡೆದದ್ದು ಎಲ್ಲ ಒಂದೇ ದಿನದ ಹಾಗೆ ಕಲಸಿಹೋಗಿದೆ. ಬೆಳಗ್ಗೆ ಎದ್ದ ಕೂಡಲೇ ಮಡಕೆಯ ಬೂದಿ ಸರಿಸಿ ನೋಡುತ್ತಿದ್ದುದೊಂದೇ ಬಿಡಿಯಾಗಿ ನೆನಪಿದೆ. ಕೆಂಡ ಕಂಡರೆ ಅಳು ಬರುತ್ತಿತ್ತು. ಕಾಣದಿದ್ದರೆ ಎಂಬ ಭಯ ಅದಕ್ಕಿಂತ ದೊಡ್ಡದಾಗಿತ್ತು.

ಶಿವರಾತ್ರಿಗೆ ಮುಂಚೆ ಊರಬಾಗಿಲ ಮುಳ್ಳು ತೆಗೆದರು. ಮಡಕೆ ಹಿಡಿದುಕೊಂಡು ಮೊದಲು ಮನೆಯೊಳಗೆ ಹೋದವಳು ನಾನು. ಒಲೆ ತಣ್ಣಗಿತ್ತು. ಆದರೆ ಸಾರಿಸಿದ ಕಟ್ಟೆಯ ಮೇಲೆ ಹಾಲಕ್ಕನ ಎರಡೆಳೆ ರಂಗೋಲಿ ಹಾಗೇ ಇತ್ತು. ಬೀಗ ಹಾಕಿದ ಮನೆಯಲ್ಲಿ ಅಳಿಸುವವರು ಯಾರು? ಒಂದು ಎಳೆಯ ಕೊನೆಯಲ್ಲಿ ಅವಳ ಹೆಬ್ಬೆರಳು ಒತ್ತಿದ ಗುರುತೂ ಕಾಣುತ್ತಿತ್ತು. ಒಲೆ ಹಚ್ಚಬೇಕಾದರೆ ಸಾರಿಸಬೇಕು. ಸಾರಿಸಿದರೆ ಅದು ಹೋಗುತ್ತದೆ. ಎಂಟು ದಿನ ಹಿತ್ತಲಲ್ಲಿ ಮೂರು ಕಲ್ಲು ಹೂಡಿ ಅಡುಗೆ ಮಾಡಿದೆ. ಯಾರೂ ಏಕೆಂದು ಕೇಳಲಿಲ್ಲ.

ಒಂಬತ್ತನೆಯ ದಿನ ಭಾವನವರು ಅಡುಗೆಮನೆಯ ಬಾಗಿಲಲ್ಲಿ ನಿಂತರು. "ಸಾರ್ಸು ತಾಯಿ. ಒಲೆ ಹಚ್ಚು. ಅವಳು ಅದುಕ್ಕೇ ತಾನೆ ಹೋಗಿದ್ದು," ಎಂದರು. ಮತ್ತೆ, "ನಿನಗೆ ಹೇಳಿರ್ಲಿಲ್ಲ ಅನ್ಸುತ್ತೆ. ನೀನು ಬರಾಕೆ ಮುಂಚೆ ನಮಗೊಂದು ಕೂಸು ಆಗಿತ್ತು. ಹನ್ನೆರಡು ದಿನ ಇತ್ತು. ಆ ಹನ್ನೆರಡು ದಿನಾನೂ ಈ ಒಲೆ ಕೆಂಡನೇ ಅಗ್ಗಿಷ್ಟಿಕೆಗೆ ತುಂಬಿ ಶಾಖ ಕೊಟ್ಲು. ಆಮ್ಯಾಲೆ ಇದನ್ನ ಆರಾಕೆ ಬಿಡ್ಲಿಲ್ಲ," ಎಂದು ಹೊರಗೆ ಹೋದರು.

ಅತ್ತೆಯ ಬೆಂಕಿ ಎಂದು ಅವಳು ಹೇಳಿದ್ದಳು, ಕೂಸಿನ ಬೆಂಕಿ ಎಂದು ಹೇಳಿರಲಿಲ್ಲ. ಸಂಜೆ ಹೊತ್ತು ಅಂಗೈಯಿಂದ ತಟ್ಟುತ್ತಿದ್ದುದು ಏನನ್ನು ಎಂದು ಆಗ ತಿಳಿಯಿತು. ಅಳುತ್ತಲೇ ಸಾರಿಸಿದೆ. ಹೆಬ್ಬೆರಳ ಗುರುತು ಬಟ್ಟೆಯ ಕೆಳಗೆ ಹೋಯಿತು.

ನಲವತ್ತು ವರ್ಷದ ಮೇಲಾಯಿತು. ಅವತ್ತಿನಿಂದ ಈ ಒಲೆ ಆರದಂತೆ ಕಾದುಕೊಂಡೆ ಎಂದು ಊರೆಲ್ಲ ಹೊಗಳುತ್ತಾರೆ. ನಾನು ಕಾದದ್ದು ಹಾಲಕ್ಕನ ಹಾಗಲ್ಲ. ಅವಳು ಪ್ರೀತಿಯಿಂದ ಕಾದಳು, ನಾನು ಹೆದರಿಕೆಯಿಂದ ಕಾದೆ, ಆ ಹೆದರಿಕೆಯನ್ನು ಮನೆಯವರ ತಲೆಗೆಲ್ಲ ಕಟ್ಟಿದೆ. ಕೆಂಡ ಆರಿದಾಗ ಹಾಲಕ್ಕ ಒಂದು ಮಾತು ಬೈಯಲಿಲ್ಲ. ನಾನು ಕೆಂಡ ಮಂಕಾದರೂ ಒಂದು ಸಲವೂ ಬೈಯದೆ ಬಿಟ್ಟಿಲ್ಲ. ಹೋದ ವರ್ಷ ಆರಿದ ಮೇಲೆ ಹೊಸದಾಗಿ ಹಚ್ಚಿದ ಬೆಂಕಿಗೆ ಅತ್ತೆಯ ಹೆಸರೂ ಉಳಿದಿಲ್ಲ, ಕೂಸಿನ ಹೆಸರೂ ಉಳಿದಿಲ್ಲ. ಉಳಿದದ್ದು ನನ್ನ ಗದರಿಕೆ ಮಾತ್ರ.

ಇಷ್ಟೆಲ್ಲ ಯೋಚಿಸುತ್ತಾ ಕೂತವಳು ಕೊನೆಗೆ ಎದ್ದು ಅಡುಗೆಮನೆಗೆ ಹೋದೆ. ಶಾಂತ ಎಸರಿಗೆ ಹಿಟ್ಟು ಹಾಕಲು ನಿಂತಿದ್ದಳು. ನನ್ನನ್ನು ಕಂಡು ಗಕ್ಕನೆ ತಿರುಗಿದ ರಭಸಕ್ಕೆ ಒಂದಿಷ್ಟು ಹಿಟ್ಟು ಕೆಳಗೆ ಚೆಲ್ಲಿತು. ಹದಿನೆಂಟು ವರ್ಷದ ಹುಡುಗಿ. ಉಪ್ಪಿನ ಮಡಕೆಯ ಹಿಂದೆ, ಅರ್ಧ ಸುಟ್ಟು ಕಪ್ಪಗಾದ ಕಡ್ಡಿಯೊಂದು ಬಿದ್ದಿದ್ದು ನನ್ನ ಮಂಜುಗಣ್ಣಿಗೂ ಕಂಡಿತು. ಅವಸರದಲ್ಲಿ ಬಚ್ಚಿಡಲು ಹೋಗಿ ಅಲ್ಲೇ ಬೀಳಿಸಿದ್ದಳು. ಕಷ್ಟಪಟ್ಟು ಬಗ್ಗಿ ಅದನ್ನು ಹೆಕ್ಕಿಕೊಂಡೆ.

ಒಲೆಯ ಬಾಯಿಗೆ ಹಾಕಿದೆ. ಒಂದು ಗಳಿಗೆ ಉರಿದು ಉಳಿದ ಉರಿಯಲ್ಲಿ ಸೇರಿಕೊಂಡಿತು.

"ಅದೇನು ಅತ್ತೆ?" ಎಂದಳು, ದನಿಯೇ ಇಲ್ಲದೆ.

"ಏನಿಲ್ಲ ಕಣವ್ವ, ತೊಗರಿಕಡ್ಡಿ," ಎಂದೆ. "ಕೆಂಡ ಇತ್ತು ಅಂದ್ಯಲ್ಲ, ಒಳ್ಳೇದಾತು. ಹಿಟ್ಟು ತಿರುವು, ಗಂಟಾದೀತು."